ಹದಿನಾರು ಮಂದಿಯ ಲೆಕ್ಕ, ಹದಿನಾರು ಲಾಗಿನ್

ನಮ್ಮ ಅತ್ತೆಯವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ನೀಲಿ ಗೆರೆಯ ಹಾಳೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಓಣಿಯ ಹೆಂಗಸರ ಉಳಿತಾಯ ಸಂಘದ ಇಬ್ಬರು ಪ್ರತಿನಿಧಿಗಳಲ್ಲಿ ಅವರೂ ಒಬ್ಬರು. ಸದಸ್ಯರು 16 ಜನ. ಪ್ರತಿ ಭಾನುವಾರ ಸಂಜೆ 4 ಗಂಟೆಗೆ ನಮ್ಮ ಮನೆ ಪಡಸಾಲೆಯಲ್ಲಿ ಚಾಪೆ ಹಾಸುತ್ತೇವೆ. ಒಬ್ಬೊಬ್ಬರೂ ವಾರದ 50 ರೂಪಾಯಿ ಕಟ್ಟುತ್ತಾರೆ. ಸಾಲ ತಗೊಂಡವರು ಕಂತು ಕಟ್ಟುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಸಹಿಗೆ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ತನ್ನ ಸಾಲಿನಲ್ಲಿ ಸಹಿ ಹಾಕುವಾಗ ಮೇಲಿನವರದ್ದೂ ಕಾಣುತ್ತದೆ, ಕೆಳಗಿನವರದ್ದೂ ಕಾಣುತ್ತದೆ. ಸಾಲ ಕೊಡುವಾಗ ಎಲ್ಲರೂ ಕೂತೇ ಠರಾವು ಮಾಡುತ್ತಾರೆ, ಯಾರಿಗೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಸಂಘ ಅಂದ ಮೇಲೆ ಅದು ಇರಬೇಕಾದದ್ದೇ. ಆದರೆ ಯಾರಿಗೆ ಯಾವ ವಾರ ಕಂತು ತಪ್ಪಿತು, ಎಷ್ಟು ಬಾಕಿ ಉಳಿಯಿತು, ಅದು ವಾರ ವಾರವೂ ಹದಿನಾರು ಜನರ ಕಣ್ಣಿಗೆ ಬೀಳಬೇಕಾ?

ಒಂದು ಭಾನುವಾರ ಹೂ ಕಟ್ಟುವ ಅಕ್ಕ ಸಹಿ ಮಾಡುವಾಗ ತಮ್ಮ ಸಾಲಿನ ಮೇಲೆ ಸೆರಗು ಅಡ್ಡ ಹಿಡಿದರು. ಮೂರು ಕಂತು ಬಾಕಿ ಇತ್ತು. ಯಾರೂ ಏನೂ ಅನ್ನಲಿಲ್ಲ. ಆದರೆ ಪಕ್ಕದಲ್ಲಿ ಕೂತವರು ಓದಿಬಿಟ್ಟಿದ್ದರು, ಅದು ಅಕ್ಕನಿಗೂ ಗೊತ್ತಾಯಿತು. ಆಮೇಲೆ ಎರಡು ವಾರ ಅವರು ಸಭೆಗೆ ಬರಲಿಲ್ಲ. ಮಗನ ಕೈಯಲ್ಲಿ ದುಡ್ಡು ಕಳಿಸಿದರು.

ಆ ಸೆರಗು ನನ್ನ ಮನಸ್ಸಿನಿಂದ ಹೋಗಲಿಲ್ಲ. ನಾನು ಬಿಸಿಎ ಓದಿದವಳು. ಈಗ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪ್ರೋಗ್ರಾಮಿಂಗ್ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಆದರೂ ಅನ್ನಿಸಿತು: ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ತಮ್ಮ ಖಾತೆ ಮಾತ್ರ ನೋಡುವ ಹಾಗೆ ಒಂದು ಸಣ್ಣ ವೆಬ್ ಅಪ್ಲಿಕೇಶನ್ ಮಾಡಿದರೆ? ಸಂಘದ ಒಟ್ಟು ಹಣ ಎಲ್ಲರಿಗೂ ಕಾಣಲಿ. ತಮ್ಮ ತಮ್ಮ ಬಾಕಿ ತಮಗೆ ಮಾತ್ರ. ಅಂದರೆ ಲಾಗಿನ್ ಬೇಕು. ಲಾಗಿನ್ ಅನ್ನುವುದು ಈ ಕೆಲಸದಲ್ಲಿ ಕೊನೆಗೆ ಸೇರಿಸುವ ಅಲಂಕಾರ ಅಲ್ಲ, ಈ ಕೆಲಸ ಹುಟ್ಟಿದ್ದೇ ಅದಕ್ಕೆ.

ರಾತ್ರಿ ಮಗು ಮಲಗಿದ ಮೇಲೆ 9ರಿಂದ 11, ಅಷ್ಟೇ ನನಗೆ ಸಿಗುವ ಹೊತ್ತು. ಹಾಗಾಗಿ ಲಾಗಿನ್ ಎಲ್ಲ ಮೊದಲೇ ಬರೆದಿಟ್ಟ ಕೋಡಿನ ಚೌಕಟ್ಟು (ಫ್ರೇಮ್‌ವರ್ಕ್) ಹುಡುಕಿದೆ. ಜ್ಯಾಂಗೊ ಆರಿಸಿಕೊಂಡೆ. ಅದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಬಳಕೆದಾರರ ಪಟ್ಟಿ, ಪಾಸ್‌ವರ್ಡ್, ಒಮ್ಮೆ ಒಳಗೆ ಬಂದವರನ್ನು ನೆನಪಿಡುವ ಸೆಷನ್, ಲೆಕ್ಕ ತುಂಬಲು ಅಡ್ಮಿನ್ ಪುಟ, ಎಲ್ಲ ಜೊತೆಗೇ ಬರುತ್ತವೆ. ಅತ್ತೆಯವರು ಲೆಕ್ಕ ತುಂಬಲು ನಾನು ಬೇರೆ ಪುಟ ಬರೆಯಬೇಕಾಗಿರಲಿಲ್ಲ. ನನಗೆ ಇದೇ ದೊಡ್ಡ ಸಹಾಯ.

ಮೊದಲ ರಾತ್ರಿ ಸರಾಗ. ಬೇರೆ ಫೋಲ್ಡರ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಈ ಕೆಲಸಕ್ಕೇ ಅಂತ ಬೇರೆ ಜಾಗ ಮಾಡಿ, ಅದರೊಳಗೆ ಜ್ಯಾಂಗೊ ಹಾಕಿ, ಪ್ರಾಜೆಕ್ಟ್ ಶುರು ಮಾಡುವ ಆಜ್ಞೆ ಕೊಟ್ಟೆ. ಅದನ್ನು ಓಡಿಸುವ ರನ್‌ಸರ್ವರ್ ಆಜ್ಞೆ ಕೊಟ್ಟ ಕೂಡಲೇ ಬ್ರೌಸರಿನಲ್ಲಿ 8000ನೇ ಪೋರ್ಟ್‌ನಲ್ಲಿ ರಾಕೆಟ್ ಚಿತ್ರದ ಪುಟ ಬಂತು. ಒಂಬತ್ತು ವರ್ಷದ ಮೇಲೆ ನನ್ನ ಕೈಯಲ್ಲಿ ಒಂದು ಪ್ರೋಗ್ರಾಂ ಓಡಿತ್ತು. ಯಜಮಾನರನ್ನು ಎಬ್ಬಿಸಿ ತೋರಿಸಿದೆ.

ಎರಡನೇ ರಾತ್ರಿ ಒಂದು ಪಾಠ ಕಲಿತೆ. ಜ್ಯಾಂಗೊ ಕೊಡುವ ಬಳಕೆದಾರರ ಮಾದರಿಯಲ್ಲಿ (ಒಬ್ಬೊಬ್ಬರ ಯಾವ ವಿವರ ಇಡಬೇಕು ಅನ್ನುವ ನಕ್ಷೆ) ಯೂಸರ್‌ನೇಮ್, ಇಮೇಲ್ ಇರುತ್ತವೆ. ನಮ್ಮ ಸಂಘದಲ್ಲಿ ಇಮೇಲ್ ಯಾರಿಗಿದೆ? ಎಲ್ಲರಿಗೂ ಬಾಯಿಪಾಠ ಇರುವುದು ಮೊಬೈಲ್ ನಂಬರ್. ಅದನ್ನೇ ಯೂಸರ್‌ನೇಮ್ ಮಾಡೋಣ ಅಂದುಕೊಂಡೆ. ಆದರೆ ಹಿಂದಿನ ರಾತ್ರಿಯೇ ಮಾದರಿ ನೋಡಿ ಕೋಷ್ಟಕ ಕಟ್ಟುವ ಮೈಗ್ರೇಟ್ ಆಜ್ಞೆ ಕೊಟ್ಟಿದ್ದೆ, ಡೇಟಾಬೇಸಿನಲ್ಲಿ ಹಳೆಯ ಮಾದರಿಯ ಕೋಷ್ಟಕಗಳು ಆಗಲೇ ಕೂತಿದ್ದವು. ಬಳಕೆದಾರರ ಮಾದರಿಯನ್ನು ನಡುವೆ ಬದಲಿಸುವುದು ಕಷ್ಟ, ಯಾಕೆಂದರೆ ಬೇರೆ ಕೋಷ್ಟಕಗಳೆಲ್ಲ ಅದಕ್ಕೇ ಗಂಟು ಹಾಕಿಕೊಂಡಿರುತ್ತವೆ. ನನ್ನದು ಇನ್ನೂ ಖಾಲಿ ಡೇಟಾಬೇಸ್. ಅಳಿಸಿ, ಮೊದಲು ನಮ್ಮದೇ ಸದಸ್ಯರ ಮಾದರಿ ಬರೆದು, ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಸೂಚಿಸಿ, ಆಮೇಲೆ ಮೈಗ್ರೇಟ್ ಮಾಡಿದೆ. ಯಾರಾದರೂ ಹೊಸದಾಗಿ ಶುರು ಮಾಡುತ್ತಿದ್ದರೆ ಈ ಒಂದು ಕೆಲಸ ಮೊದಲ ದಿನವೇ ಮಾಡಿಕೊಳ್ಳಿ. ಬೇರೆ ಎಲ್ಲವನ್ನೂ ಆಮೇಲೆ ತಿದ್ದಬಹುದು.

ಪಾಸ್‌ವರ್ಡ್ ವಿಷಯ ನನಗೆ ತುಂಬ ಇಷ್ಟವಾದ ಭಾಗ. ಪರೀಕ್ಷೆಗೆ ಅಂತ ಅತ್ತೆಯವರ ಹೆಸರಿನಲ್ಲಿ ಒಂದು ಖಾತೆ ತೆರೆದು ಪಾಸ್‌ವರ್ಡ್ ಕೊಟ್ಟೆ. ಆಮೇಲೆ ಡೇಟಾಬೇಸ್ ಫೈಲ್ ತೆರೆದು ನೋಡಿದೆ. ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಒಂದು ಉದ್ದನೆಯ ಸಾಲು. ಮೊದಲು ವಿಧಾನದ ಹೆಸರು, ಆಮೇಲೆ ಡಾಲರ್ ಚಿಹ್ನೆ, ಎಷ್ಟು ಸಲ ಅರೆದದ್ದು ಅನ್ನುವ ಲಕ್ಷಗಳ ಸಂಖ್ಯೆ, ಮತ್ತೆ ಡಾಲರ್, ಸಾಲ್ಟ್ ಅನ್ನುವ ಒಂದಿಷ್ಟು ಅಕ್ಷರ, ಕೊನೆಗೆ ಅರ್ಥವಿಲ್ಲದ ಉದ್ದ ಅಕ್ಷರಮಾಲೆ. ಕೊಟ್ಟ ಪಾಸ್‌ವರ್ಡ್ ಎಲ್ಲೂ ಇಲ್ಲ. ಅದೇ ಪಾಸ್‌ವರ್ಡನ್ನು ಇನ್ನೊಂದು ಖಾತೆಗೂ ಕೊಟ್ಟೆ. ಈ ಸಲ ಬಂದ ಸಾಲು ಪೂರ್ತಿ ಬೇರೆ.

ಅತ್ತೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. "ಅಲ್ಲವ್ವ, ಎಲ್ಲರ ಗುಟ್ಟೂ ನಿನ್ನ ಹತ್ರ ಇದ್ದಂಗಾತಲ್ಲ?" ಅಂದರು.

"ಇಲ್ಲ ಅತ್ತೆ, ಪಾಸ್‌ವರ್ಡ್ ನನಗೂ ಕಾಣಲ್ಲ. ನೋಡ್ರಿ ಇಲ್ಲಿ" ಅಂತ ಆ ಸಾಲು ತೋರಿಸಿದೆ.

"ಮತ್ತೆ ಅದು ಸರಿ ಐತೋ ಇಲ್ಲೋ ಅಂತ ಹೆಂಗೆ ಗೊತ್ತಾಗ್ತೈತಿ?"

ಅತ್ತೆ ಮದುವೆಗೆ ಮುಂಚೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು. ಅದನ್ನೇ ಹಿಡಿದು ಹೇಳಿದೆ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಬೆರೆಸಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಆ ಮಂಡಕ್ಕಿಯನ್ನು ಮತ್ತೆ ಅಕ್ಕಿ ಮಾಡೋಕೆ ಯಾರಿಂದಲೂ ಆಗಲ್ಲ. ಇಲ್ಲಿ ಇಟ್ಟಿರುವುದು ಮಂಡಕ್ಕಿ ಮಾತ್ರ. ನೀವು ಮತ್ತೆ ಲಾಗಿನ್ ಆದಾಗ ನೀವು ಕೊಟ್ಟ ಅಕ್ಕಿಯನ್ನು ಅದೇ ಉಪ್ಪು ಹಾಕಿ, ಅಷ್ಟೇ ಸಲ ಹುರಿದು ನೋಡುತ್ತದೆ. ಮೊದಲಿನ ಮಂಡಕ್ಕಿಗೆ ಕಾಳು ಕಾಳೂ ಹೊಂದಿದರೆ ಒಳಗೆ ಬಿಡುತ್ತದೆ. ಒಬ್ಬೊಬ್ಬರ ಉಪ್ಪು ಬೇರೆ ಬೇರೆ, ಅದಕ್ಕೇ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಮಂಡಕ್ಕಿ ಬೇರೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನ ಭಾನುವಾರ ಎಲ್ಲರಿಗೂ ಹಿಂಗೇ ಹೇಳು" ಅಂದರು.

ಹೇಳಿದೆ. ಎಲ್ಲರಿಗೂ ತಲೆಗೆ ಹೋಯಿತು. ಆಮೇಲೆ ಮೂಲೆಮನೆ ಆಂಟಿ ಕೇಳಿದರು: "ಪಾಸ್‌ವರ್ಡ್ ಕಾಣಲ್ಲ, ಆತು. ನಮ್ಮ ಸಾಲ ನಿನಗೆ ಕಾಣ್ತೈತಲ್ಲ?" ಕಾಣುತ್ತದೆ ಅಂತಲೇ ಹೇಳಿದೆ. ಡೇಟಾಬೇಸ್ ನನ್ನ ಕೈಯಲ್ಲಿರುವಾಗ ಇಲ್ಲ ಅನ್ನುವುದು ಸುಳ್ಳು. ಇಬ್ಬರು ಪ್ರತಿನಿಧಿಗಳು ಮತ್ತು ನಾನು, ಮೂರು ಜನರಿಗೆ ಎಲ್ಲರ ಲೆಕ್ಕ ಕಾಣುತ್ತದೆ, ಉಳಿದ ಯಾರಿಗೂ ಇಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಹದಿನಾರು ಸಹಿ ಬಿತ್ತು.

ಪಾಸ್‌ವರ್ಡ್ ಇಡಿಸುವುದೇ ಒಂದು ಕೆಲಸ ಆಯಿತು. ಜ್ಯಾಂಗೊ ಹೊಸ ಪ್ರಾಜೆಕ್ಟಿನಲ್ಲೇ ನಾಲ್ಕು ನಿಯಮ ಹಾಕಿಕೊಟ್ಟಿರುತ್ತದೆ. ಕಡಿಮೆ ಅಂದರೆ 8 ಅಕ್ಷರ ಇರಬೇಕು. ಬರೀ ಅಂಕಿ ಇರಬಾರದು. ಹೆಸರು, ಯೂಸರ್‌ನೇಮ್‌ಗೆ ಹತ್ತಿರ ಇರಬಾರದು. ಜನ ಜಾಸ್ತಿ ಬಳಸುವ 20,000 ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇರಬಾರದು. ನಮ್ಮವರು ಮೊದಲು ಕೊಟ್ಟದ್ದೆಲ್ಲ ಮೊಬೈಲ್ ನಂಬರು, ಮಗ ಹುಟ್ಟಿದ ತಾರೀಖು. ಒಂದೂ ಪಾಸಾಗಲಿಲ್ಲ. ನಿಯಮ ಸಡಿಲ ಮಾಡಿಬಿಡೋಣವಾ ಅಂತ ಒಂದು ಕ್ಷಣ ಅನ್ನಿಸಿತು. ಮಾಡಲಿಲ್ಲ. ಮೊಬೈಲ್ ನಂಬರ್ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಮಗನ ಹುಟ್ಟುಹಬ್ಬಕ್ಕೆ ಎಲ್ಲರೂ ಹೋಗಿರುತ್ತಾರೆ. ಹೊರಗಿನ ಕಳ್ಳನಿಗಿಂತ ಪಕ್ಕದ ಮನೆಯ ಕುತೂಹಲವೇ ಇಲ್ಲಿ ಹತ್ತಿರದ್ದು.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮನೆಯಲ್ಲಿರುವ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುವಿನ ಹೆಸರು ಜೋಡಿಸಿ, ನಡುವೆ ಒಂದು ಅಂಕಿ ಹಾಕಿ ಅಂದೆ. ಹಂಚು, ಛತ್ರಿ. ಒನಕೆ, ಬಳೆ. ಹೀಗೆ. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬೇಕೋ ಹಾಗೆ ಬರೆದುಕೊಳ್ಳಲಿ, ತಪ್ಪು ಸ್ಪೆಲ್ಲಿಂಗ್ ಇದ್ದಷ್ಟೂ ಒಳ್ಳೆಯದೇ. ಹದಿನಾರರಲ್ಲಿ ಹನ್ನೆರಡು ಜನ ಅವತ್ತೇ ಇಟ್ಟುಕೊಂಡರು. ಮರೆತವರಿಗೆ ಇಮೇಲ್ ಲಿಂಕ್ ಕಳಿಸುವ ದಾರಿ ನಮ್ಮಲ್ಲಿ ನಡೆಯಲ್ಲ. ಮರೆತವರು ಭಾನುವಾರ ಎದುರಿಗೆ ಬಂದರೆ ಅತ್ತೆ ಅಡ್ಮಿನ್ ಪುಟದಲ್ಲಿ ತಾತ್ಕಾಲಿಕ ಪಾಸ್‌ವರ್ಡ್ ಹಾಕಿಕೊಡುತ್ತಾರೆ, ಮೊದಲ ಸಲ ಒಳಗೆ ಹೋದಾಗ ಬದಲಿಸಲೇಬೇಕು. ಎದುರಿಗೆ ಕೂತವರ ಮುಖ ನೋಡಿ ಗುರುತು ಹಿಡಿಯುವುದಕ್ಕಿಂತ ಗಟ್ಟಿ ಪರಿಶೀಲನೆ ಇನ್ನೇನಿದೆ?

ಸಣ್ಣ ತೊಡಕುಗಳೂ ಬಂದವು. ಹೊರಗೆ ಹೋಗುವ ಲಿಂಕ್ ಒತ್ತಿದರೆ 405 ಅಂತ ದೋಷ. ನಾನು ನೋಡಿಕೊಂಡು ಬರೆದ ಪಾಠ ಹಳೆಯದು. ಜ್ಯಾಂಗೊ 5.0ರಿಂದ ಲಾಗ್‌ಔಟ್ ಬರೀ ಲಿಂಕ್‌ನಿಂದ ಆಗುವುದಿಲ್ಲ, ಫಾರಂ ಮೂಲಕ ಪೋಸ್ಟ್ ಕೋರಿಕೆ ಹೋಗಬೇಕು. ಲಿಂಕ್ ತೆಗೆದು ಬಟನ್ ಇಟ್ಟೆ, "ಹೊರಗೆ" ಅಂತ ಬರೆದೆ. ಇನ್ನೊಂದು, ಸಂಜೆ 4 ಗಂಟೆಗೆ ತುಂಬಿದ ಲೆಕ್ಕ ಬೆಳಗ್ಗೆ ಹತ್ತೂವರೆ ಅಂತ ತೋರಿಸುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಸಮಯವಲಯ ಯುಟಿಸಿ, ಅಂದರೆ ಜಾಗತಿಕ ಮಾನಕ ಸಮಯ ಇರುತ್ತದೆ, ನಮಗೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಏಷ್ಯಾ ಕೋಲ್ಕತ್ತಾ ಅಂತ ಬದಲಿಸಿದೆ, ಸರಿಹೋಯಿತು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಇನ್ನು ಇದನ್ನು ಎಲ್ಲರ ಫೋನಿಗೂ ಸಿಗುವ ಹಾಗೆ ಏರಿಸಬೇಕು. ದುಡ್ಡು ಕೊಡದೆ ಅಪ್ಲಿಕೇಶನ್ ಇಡುವ ಒಂದು ಸೇವೆ ಸಿಕ್ಕಿತು. ಕೋಡಿನ ಒಂದೊಂದು ಬದಲಾವಣೆಯನ್ನೂ ಕೂಡಿಡುವ ಗಿಟ್‌ನಿಂದ ಕೋಡ್ ತಳ್ಳಿದರೆ ಸಾಕು, ಐದು ನಿಮಿಷದಲ್ಲಿ ವಿಳಾಸ ಬರುತ್ತದೆ. ಭಾನುವಾರ ಅತ್ತೆ ಹಿಂದಿನ ಮೂರು ತಿಂಗಳ ಲೆಕ್ಕವನ್ನೆಲ್ಲ ಕೂತು ತುಂಬಿದರು. ಎರಡು ತಾಸು ಹಿಡಿಯಿತು, ಕನ್ನಡಕ ಒರೆಸಿಕೊಂಡು ಒರೆಸಿಕೊಂಡು ತುಂಬಿದರು. ಮಂಗಳವಾರ ರಾತ್ರಿ ನಾನು ಒಂದು ಬಣ್ಣ ಬದಲಿಸಿ ಮತ್ತೆ ಕೋಡ್ ತಳ್ಳಿದೆ. ಬುಧವಾರ ಬೆಳಗ್ಗೆ ನೋಡಿದರೆ ಒಂದು ಖಾತೆಯೂ ಇಲ್ಲ. ಸದಸ್ಯರೇ ಇಲ್ಲ.

ಕೈ ನಡುಗಿತು. ಆಮೇಲೆ ಓದಿ ತಿಳಿದುಕೊಂಡೆ. ಅಂಥ ಉಚಿತ ಸೇವೆಯಲ್ಲಿ ಪ್ರತಿ ಸಲ ಕೋಡ್ ಏರಿಸಿದಾಗ ಹಳೆಯ ಡಿಸ್ಕ್ ಬಿಸಾಡಿ ಹೊಸದು ಕೊಡುತ್ತಾರೆ. ನನ್ನ ಡೇಟಾಬೇಸ್ ಎಸ್‌ಕ್ಯೂಲೈಟ್, ಅಂದರೆ ಆ ಡಿಸ್ಕಿನಲ್ಲೇ ಕೂತ ಒಂದೇ ಒಂದು ಫೈಲ್. ಡಿಸ್ಕಿನ ಜೊತೆ ಅದೂ ಹೋಯಿತು. ಸೇವೆಯವರು ಇದನ್ನು ಬರೆದಿದ್ದರು, ನಾನು ಓದಿರಲಿಲ್ಲ. ಅತ್ತೆಗೆ ಹೇಗೆ ಹೇಳುವುದು ಅನ್ನುವುದೇ ದೊಡ್ಡ ಸಂಕಟ. ಹೇಳಿದೆ. ಅವರು ಕೆಂಪು ಪುಸ್ತಕ ತಂದು ಮುಂದಿಟ್ಟರು. "ಇದು ಐತಲ್ಲ. ಮತ್ತೆ ತುಂಬಿದ್ರಾತು. ಆದ್ರೆ ಈ ಸಲ ಹೋಗದಂಗೆ ಮಾಡು" ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ ಅನ್ನಿಸುತ್ತದೆ.

ಆಮೇಲೆ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಇರುವ ಒಂದು ಸಣ್ಣ ಸರ್ವರ್ ತಿಂಗಳ ಬಾಡಿಗೆಗೆ ಹಿಡಿದೆ. ನನ್ನ ಕೈಯಿಂದ ಕೊಡುತ್ತೇನೆ ಅಂದರೆ ಸಂಘದವರು ಒಪ್ಪಲಿಲ್ಲ. ಬಡ್ಡಿಯ ಹಣದಲ್ಲಿ ಕೊಡುವುದು ಅಂತ ಠರಾವು ಆಯಿತು. ಡೇಟಾಬೇಸ್ ಎಸ್‌ಕ್ಯೂಲೈಟೇ ಇಟ್ಟೆ. ಹದಿನಾರು ಜನಕ್ಕೆ ಅದು ಧಾರಾಳ ಸಾಕು, ಅದರಲ್ಲಿ ತಪ್ಪಿರಲಿಲ್ಲ, ಇಟ್ಟ ಜಾಗ ತಪ್ಪಾಗಿತ್ತು. ಈಗ ಪ್ರತಿ ರಾತ್ರಿ 2 ಗಂಟೆಗೆ ಅದರ ನಕಲು ತೆಗೆದಿಡುವ ಕೆಲಸವನ್ನು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿದ್ದೇನೆ. ವಾರಕ್ಕೊಮ್ಮೆ ಆ ನಕಲನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ತೆರೆದು, ಒಟ್ಟು ಮೊತ್ತ ಪುಸ್ತಕಕ್ಕೆ ತಾಳೆ ಆಗುತ್ತದಾ ನೋಡುತ್ತೇನೆ. ತೆರೆದು ನೋಡದ ನಕಲನ್ನು ನಾನು ನಕಲು ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಸರ್ವರ್ ಜೋಡಿಸುವುದು ಮೂರು ರಾತ್ರಿ ಹಿಡಿಯಿತು. ಹೊರಗಿನಿಂದ ಬಂದ ಕೋರಿಕೆಯನ್ನು ಎಂಜಿನ್‌ಎಕ್ಸ್ ಅನ್ನುವ ಪ್ರೋಗ್ರಾಂ ತಗೊಳ್ಳುತ್ತದೆ. ಅದು ಒಳಗಿರುವ ಗುನಿಕಾರ್ನ್‌ಗೆ ಕೊಡುತ್ತದೆ. ಗುನಿಕಾರ್ನ್ ಜ್ಯಾಂಗೊ ಕೋಡನ್ನು ಓಡಿಸುತ್ತದೆ. ಸರ್ವರ್ ಮತ್ತೆ ಶುರುವಾದರೆ ಗುನಿಕಾರ್ನ್ ತಾನೇ ಏಳುವ ಹಾಗೆ, ಉಬುಂಟುವಿನಲ್ಲಿ ಇಂಥದ್ದನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಂದು ಫೈಲ್ ಬರೆದೆ. ಬ್ರೌಸರಿನಲ್ಲಿ ವಿಳಾಸ ಹಾಕಿದರೆ 502, ಅಂದರೆ ಎಂಜಿನ್‌ಎಕ್ಸ್‌ಗೆ ಒಳಗಿನಿಂದ ಸರಿಯಾದ ಉತ್ತರ ಸಿಗುತ್ತಿಲ್ಲ. ಗುನಿಕಾರ್ನ್ ಓಡುತ್ತಿದೆ, ಎಂಜಿನ್‌ಎಕ್ಸ್ ಓಡುತ್ತಿದೆ, ಆದರೂ 502. ಎಂಜಿನ್‌ಎಕ್ಸ್ ದೋಷಗಳನ್ನು ಬರೆದಿಡುವ ಫೈಲ್, ಅಂದರೆ ಲಾಗ್ ತೆರೆದಾಗ ಒಂದೇ ಸಾಲು: ಅನುಮತಿ ಇಲ್ಲ, 13. ಎಂಜಿನ್‌ಎಕ್ಸ್, ಗುನಿಕಾರ್ನ್ ಮಾತಾಡಿಕೊಳ್ಳುವ ಸಾಕೆಟ್ ಫೈಲನ್ನು ನನ್ನ ಹೋಂ ಫೋಲ್ಡರಿನಲ್ಲಿ ಇಟ್ಟಿದ್ದೆ. ಈಗಿನ ಉಬುಂಟುವಿನಲ್ಲಿ ಒಬ್ಬರ ಹೋಂ ಫೋಲ್ಡರಿಗೆ ಬೇರೆಯವರು ಕಾಲಿಡುವ ಹಾಗಿಲ್ಲ, ಎಂಜಿನ್‌ಎಕ್ಸ್ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಸಾಕೆಟನ್ನು ರನ್ ಫೋಲ್ಡರಿಗೆ ಸಾಗಿಸಿದೆ. ಪುಟ ಬಂತು. ಪರದೆ ಮೇಲಿನ ಸಂಖ್ಯೆ ನೋಡಿ ಊಹೆ ಮಾಡುವುದಕ್ಕಿಂತ ಮೊದಲು ಲಾಗ್ ಓದಬೇಕು, ಇದನ್ನು ಆ ರಾತ್ರಿ ಕಲಿತೆ. ಅದಕ್ಕೂ ಮುಂಚೆ ಎರಡು ತಾಸು ಸುಮ್ನೆ ಅಲ್ಲಿ ಇಲ್ಲಿ ತಿದ್ದುತ್ತಾ ಕಳೆದಿದ್ದೆ.

ಹೊರಗೆ ಇಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಕೆಲವನ್ನು ಬದಲಿಸಲೇಬೇಕು. ತಪ್ಪು ಹುಡುಕಲು ಇರುವ ಡೀಬಗ್ ಆಫ್ ಮಾಡಬೇಕು. ಅದು ಆನ್ ಇದ್ದರೆ ಏನಾದರೂ ದೋಷ ಬಂದಾಗ ಒಳಗಿನ ಕೋಡ್, ಫೈಲುಗಳ ದಾರಿ ಎಲ್ಲ ನೋಡಿದವರಿಗೆ ಕಾಣುತ್ತದೆ. ಯಾವ ವಿಳಾಸಕ್ಕೆ ಉತ್ತರ ಕೊಡಬೇಕು ಅನ್ನುವ ಅಲೋಡ್ ಹೋಸ್ಟ್ಸ್ ಪಟ್ಟಿಯಲ್ಲಿ ನಮ್ಮ ವಿಳಾಸ ಬರೆಯಬೇಕು, ಇಲ್ಲದಿದ್ದರೆ 400 ಅಂತ ದೋಷ. ಡೀಬಗ್ ಆಫ್ ಮಾಡಿದ ಕೂಡಲೇ ಅಡ್ಮಿನ್ ಪುಟದ ಬಣ್ಣ, ಅಂದ ಎಲ್ಲ ಹೋಗಿ ಬರೀ ಅಕ್ಷರ ಉಳಿಯಿತು. ಆ ಬಣ್ಣ, ಅಂದದ ಸ್ಟ್ಯಾಟಿಕ್ ಫೈಲುಗಳನ್ನು ಒಂದೆಡೆ ಕೂಡಿಸಿ ಎಂಜಿನ್‌ಎಕ್ಸ್‌ಗೆ ತೋರಿಸಿದ ಮೇಲೆ ಸರಿಯಾಯಿತು. ಜ್ಯಾಂಗೊ ತನ್ನ ಗುಟ್ಟಿನ ಸಹಿಗೆ ಬಳಸುವ ಸೀಕ್ರೆಟ್ ಕೀಯನ್ನು ನಾನು ಗಿಟ್‌ಗೆ ಸೇರಿಸಿಬಿಟ್ಟಿದ್ದೆ. ಗಿಟ್‌ನಿಂದ ಅಳಿಸಿದರೆ ಸಾಲದು, ಹಳೆಯ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಹೊಸ ಕೀ ಮಾಡಿ, ಸರ್ವರಿನಲ್ಲಿ ಬೇರೆ ಫೈಲಿನಲ್ಲಿ ಇಟ್ಟೆ. ಫೋನಿಗೂ ಸರ್ವರಿಗೂ ನಡುವೆ ಹೋಗುವುದನ್ನು ಬೇರೆಯವರು ಓದದ ಹಾಗೆ ಮುಚ್ಚಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆಯಿಂದ ದುಡ್ಡಿಲ್ಲದೆ ಪ್ರಮಾಣಪತ್ರ ಸಿಗುತ್ತದೆ, ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಅದನ್ನು ತಂದು ಜೋಡಿಸಿತು. ನನಗೆ ಸಿಕ್ಕಿದ್ದರ ಆಯಸ್ಸು 90 ದಿನ, ಮುಗಿಯುವ ಮುಂಚೆ ಸರ್ಟ್‌ಬಾಟೇ ಹೊಸದು ತರುತ್ತದೆ. ಲಾಗಿನ್ ಇರುವ ಪುಟಕ್ಕೆ ಇದು ಬೇಕೇ ಬೇಕು. ಇಲ್ಲದಿದ್ದರೆ ಹಂಚು, ಛತ್ರಿ ಎಲ್ಲ ತೆರೆದ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿದ ಹಾಗೆ.

ಸರ್ವರ್ ಎದ್ದು ಒಂದು ದಿನವೂ ಆಗಿರಲಿಲ್ಲ. ಲಾಗ್ ನೋಡಿದರೆ ಯಾರೋ ವರ್ಡ್‌ಪ್ರೆಸ್ ಲಾಗಿನ್ ಪುಟ ಕೇಳುತ್ತಿದ್ದಾರೆ, ಗುಟ್ಟಿನ ಫೈಲು ಕೇಳುತ್ತಿದ್ದಾರೆ. ನಿಟ್ಟುವಳ್ಳಿಯ ಹದಿನಾರು ಹೆಂಗಸರ ಲೆಕ್ಕಕ್ಕೆ ಯಾರಪ್ಪ ಬಂದರು ಅಂತ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅವು ಮನುಷ್ಯರಲ್ಲ, ಇಂಟರ್ನೆಟ್ ತುಂಬಾ ಬಾಗಿಲು ತಟ್ಟುತ್ತಾ ಅಲೆಯುವ ಪ್ರೋಗ್ರಾಂಗಳು. ಆದರೂ ಒಂದು ಯೋಚನೆ ಬಂತು. ಒಂದು ನಂಬರಿಗೆ ಎಷ್ಟು ಸಲ ಬೇಕಾದರೂ ಪಾಸ್‌ವರ್ಡ್ ಊಹಿಸಿ ನೋಡುವುದನ್ನು ಜ್ಯಾಂಗೊ ತಾನಾಗಿ ತಡೆಯುವುದಿಲ್ಲ. ಅದಕ್ಕೆ ಜ್ಯಾಂಗೊ ಆಕ್ಸಿಸ್ ಅನ್ನುವ ಸೇರ್ಪಡೆ ಹಾಕಿದೆ. ಐದು ಸಲ ತಪ್ಪಿದರೆ ಅರ್ಧ ಗಂಟೆ ಬಾಗಿಲು ಮುಚ್ಚುತ್ತದೆ.

ಇಷ್ಟೆಲ್ಲ ಆದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಎರಡು ಭಾನುವಾರ ಚೆನ್ನಾಗಿ ನಡೆಯಿತು ಕೂಡ.

ಮೂರನೇ ವಾರ, ಗುರುವಾರ ಸಂಜೆ, ಮೂಲೆಮನೆ ಆಂಟಿಯ ಮಗ ಬಂದ. ಪಿಯುಸಿ ಮೊದಲ ವರ್ಷದ ಹುಡುಗ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ. "ಅಕ್ಕ, ಒಂದು ಮಾತು. ಅವ್ವಗೆ ಲೆಕ್ಕ ತೋರಿಸ್ತಿದ್ದೆ. ಮೇಲೆ ವಿಳಾಸದಾಗೆ 7 ಅಂತ ಇತ್ತು. ಅದನ್ನ 8 ಮಾಡಿದೆ."

"ಏನಾಯ್ತಪ್ಪ?"

"ಹೂವಿನ ಅಕ್ಕನ ಪುಟ ಬಂತು. ನಾನು ಓದ್ಲಿಲ್ಲಕ್ಕ. ಹೆಸರು ನೋಡಿದ ತಕ್ಷಣ ಮುಚ್ಚಿದೆ."

ಅವನನ್ನು ಕೂರಿಸಿ ನೀರು ಕೊಟ್ಟೆ. ಮೊದಲು ಸರ್ವರಿಗೆ ಹೋಗಿ ಗುನಿಕಾರ್ನ್ ನಿಲ್ಲಿಸಿದೆ. ಆಮೇಲೆ ಕೋಡ್ ತೆರೆದೆ. ಪ್ರತಿ ಪುಟಕ್ಕೂ ಲಾಗಿನ್ ಆಗಿರಲೇಬೇಕು ಅನ್ನುವ ಸಾಲು ಹಾಕಿದ್ದೆ, ಅದು ಸರಿಯಾಗೇ ಇತ್ತು. ಅದರ ಕೆಳಗಿನ ಸಾಲು ಹೀಗಿತ್ತು: ವಿಳಾಸದಲ್ಲಿ ಬಂದ ನಂಬರಿನ ಖಾತೆಯನ್ನು ಡೇಟಾಬೇಸಿನಿಂದ ತಂದು ಕೊಡು. ಯಾರು ಕೇಳುತ್ತಿದ್ದಾರೆ ಅಂತ ನೋಡು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಬಾಗಿಲಲ್ಲಿ ನೀವು ಯಾರು ಅಂತ ಕೇಳುವ ಕೆಲಸ ಜ್ಯಾಂಗೊ ಮಾಡಿತ್ತು. ಒಳಗೆ ಬಂದವರಿಗೆ ಯಾವ ಪೆಟ್ಟಿಗೆ ತೆಗೆಯುವ ಹಕ್ಕಿದೆ ಅಂತ ಹೇಳುವುದು ನನ್ನ ಕೆಲಸ. ಅದು ಯಾವ ಚೌಕಟ್ಟಿಗೂ ಮೊದಲೇ ಗೊತ್ತಿರಲು ಸಾಧ್ಯ ಇಲ್ಲ, ಯಾಕೆಂದರೆ ಯಾರ ಸಾಲ ಯಾರದ್ದು ಅನ್ನುವುದು ಗೊತ್ತಿರುವುದು ನಮ್ಮ ಸಂಘಕ್ಕೆ ಮಾತ್ರ.

ಇದು ನನ್ನೊಬ್ಬಳಿಗೆ ಆದ ತಪ್ಪಲ್ಲ ಅಂತ ಆಮೇಲೆ ಓದಿ ತಿಳಿದೆ. ವೆಬ್ ಸುರಕ್ಷತೆ ಮೇಲೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ದೊಡ್ಡ ಹತ್ತು ಅಪಾಯಗಳ ಪಟ್ಟಿ ಮಾಡುತ್ತದೆ. 2017ರ ಪಟ್ಟಿಯಲ್ಲಿ ಇದು ಐದನೆಯದು. 2021ರ ಪಟ್ಟಿಯಲ್ಲಿ ಮೊದಲನೆಯದು. ಓದಿ ಸಮಾಧಾನ ಏನೂ ಆಗಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಸೆರಗು. ಯಾವುದನ್ನು ಮುಚ್ಚಲು ಇಷ್ಟೆಲ್ಲ ಮಾಡಿದೆನೋ ಅದೇ ತೆರೆದುಕೊಂಡಿತ್ತು.

ತಿದ್ದಿದ್ದು ಸಣ್ಣದು. ಖಾತೆಯ ಪುಟದ ವಿಳಾಸದಿಂದ ನಂಬರನ್ನೇ ತೆಗೆದುಹಾಕಿದೆ. "ನನ್ನ ಖಾತೆ" ಅಷ್ಟೇ. ಲಾಗಿನ್ ಆದವರು ಯಾರೋ ಅವರ ಖಾತೆ ಮಾತ್ರ ಬರುತ್ತದೆ. ಕಂತಿನ ರಸೀದಿಗೆ ನಂಬರ್ ಬೇಕು, ಅಲ್ಲಿ ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನೇ ಬದಲಿಸಿದೆ: ಈ ನಂಬರಿನ ರಸೀದಿ, ಮತ್ತು ಅದು ಈಗ ಒಳಗಿರುವ ಸದಸ್ಯರದ್ದೇ ಆಗಿರಬೇಕು. ಇಲ್ಲದಿದ್ದರೆ 404, ಅಂಥ ಪುಟವೇ ಇಲ್ಲ. ನಿಮಗೆ ಅನುಮತಿ ಇಲ್ಲ ಅನ್ನುವ 403 ಬೇಡ ಅನ್ನಿಸಿತು. ಅನುಮತಿ ಇಲ್ಲ ಅಂದರೆ ಅಲ್ಲಿ ಏನೋ ಇದೆ ಅಂತ ಹೇಳಿದ ಹಾಗೇ ಅಲ್ವಾ? ಊಹಿಸಲಾಗದ ಉದ್ದ ನಂಬರ್ ಕೊಟ್ಟುಬಿಡಬಹುದಿತ್ತು. ಆದರೆ ಅದು ಬೀಗ ಹಾಕದೆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟ ಹಾಗೆ.

ಅಷ್ಟಕ್ಕೆ ಬಿಡಲಿಲ್ಲ, ಒಂದು ಪರೀಕ್ಷೆ ಬರೆದೆ. ಅದು ಹದಿನಾರು ಸದಸ್ಯರನ್ನು ಸೃಷ್ಟಿಸುತ್ತದೆ, ಒಬ್ಬೊಬ್ಬರಿಗೆ ಒಂದು ರಸೀದಿ ಕೊಡುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಲಾಗಿನ್ ಆಗಿ ಹದಿನಾರು ರಸೀದಿಗಳನ್ನೂ ಕೇಳುತ್ತದೆ. ಒಟ್ಟು 256 ಕೋರಿಕೆ. 16 ಸಲ ರಸೀದಿ ಸಿಗಬೇಕು. 240 ಸಲ 404 ಬರಬೇಕು. ಒಂದು ಹೆಚ್ಚು ಕಡಿಮೆ ಆದರೂ ಕೋಡ್ ಸರ್ವರಿಗೆ ಏರುವುದಿಲ್ಲ. ರಾತ್ರಿ ಒಂದೂಕಾಲಿಗೆ ಆ ಪರೀಕ್ಷೆ ಪಾಸಾಯಿತು.

ಶುಕ್ರವಾರ ಬೆಳಗ್ಗೆ ಹೂವಿನ ಅಕ್ಕನ ಮನೆಗೆ ಹೋದೆ. ಅವರು ಕನಕಾಂಬರ ಕಟ್ಟುತ್ತಾ ಕೂತಿದ್ದರು. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಬೆರಳು ನಿಂತಿತು.

"ಯಾರು ನೋಡಿದ್ರು?"

"ಹೆಸರು ಮಾತ್ರ ನೋಡಿದ್ದು, ಅಕ್ಕ. ಅವನೇ ಬಂದು ಹೇಳಿದ. ಬೇರೆ ಯಾರಾದರೂ ನೋಡಿದ್ದಾರಾ ಅಂತ ಮೂರು ವಾರದ ಲಾಗ್ ಪೂರ್ತಿ ಓದಿದೆ. ಯಾರೂ ನೋಡಿಲ್ಲ."

ಅವರು ನಂಬಿದರೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ನನ್ನ ಫೋನ್ ಕೊಟ್ಟು ನನ್ನ ಲಾಗಿನ್‌ನಿಂದ ಅವರ ರಸೀದಿ ತೆರೆಯಲು ಹೇಳಿದೆ. ನಾನು ಸಂಘದ ಸದಸ್ಯೆಯೂ ಹೌದು, ಆ ಲಾಗಿನ್ ಬೇರೆ ಇದೆ. ನಂಬರ್ ಅವರೇ ಒತ್ತಿದರು. ಸಿಗಲಿಲ್ಲ ಅಂತ ಬಂತು. ಇನ್ನೊಂದು ನಂಬರ್ ಒತ್ತಿದರು. ಅದೂ ಸಿಗಲಿಲ್ಲ. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು, ನನಗೆ ಹೊಳೆಯದೇ ಇದ್ದದ್ದು.

"ಫೋನ್ ನಮ್ಮನೆಯವ್ರೂ ಹಿಡಿತಾರೆ, ಮಗನೂ ಹಿಡಿತಾನೆ. ಅವ್ರಿಗೆ ಕಾಣಲ್ವಾ?"

ಕಾಣುತ್ತಿತ್ತು. ಜ್ಯಾಂಗೊದಲ್ಲಿ ಒಮ್ಮೆ ಲಾಗಿನ್ ಆದರೆ ಎರಡು ವಾರ ಒಳಗೇ ಇರಿಸುತ್ತದೆ. ಫೋನ್ ಒಬ್ಬರದ್ದೇ ಆಗಿದ್ದರೆ ಅದು ಅನುಕೂಲ. ನಮ್ಮ ಓಣಿಯಲ್ಲಿ ಫೋನ್ ಮನೆಯದ್ದು. ಬ್ರೌಸರ್ ಬೇರೆ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲಾ ಅಂತ ಕೇಳುತ್ತದೆ, ಗೊತ್ತಿಲ್ಲದೆ ಎಲ್ಲರೂ ಹೂಂ ಒತ್ತಿರುತ್ತಾರೆ.

ಆ ರಾತ್ರಿ ಸೆಷನ್ ಅವಧಿಯನ್ನು 600 ಸೆಕೆಂಡ್ ಮಾಡಿದೆ. ಲಾಗಿನ್ ಆಗಿ ಹತ್ತು ನಿಮಿಷ ಆದರೆ ತಾನೇ ಹೊರಗೆ. ಇನ್ನೊಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ಹೊರಗೆ ಬಂದ ಮೇಲೂ ಫೋನಿನ ಹಿಂದಕ್ಕೆ ಬಟನ್ ಒತ್ತಿದರೆ ಬ್ರೌಸರ್ ತಾನು ಉಳಿಸಿಕೊಂಡಿದ್ದ ಹಳೆಯ ಪುಟವನ್ನು ತೋರಿಸುತ್ತಿತ್ತು. ಸರ್ವರಿಗೆ ಅದು ಗೊತ್ತೂ ಆಗುವುದಿಲ್ಲ. ಈ ಪುಟವನ್ನು ಎಲ್ಲೂ ಉಳಿಸಿಕೊಳ್ಳಬೇಡ ಅಂತ ಬ್ರೌಸರಿಗೆ ಹೇಳುವ ನೆವರ್ ಕ್ಯಾಶ್ ಅನ್ನುವ ಸಾಲು ಜ್ಯಾಂಗೊದಲ್ಲಿ ಇದೆ. ಲೆಕ್ಕದ ಪುಟಗಳಿಗೆಲ್ಲ ಅದನ್ನು ಹಾಕಿದೆ. ಉಳಿಸಿದ್ದ ಪಾಸ್‌ವರ್ಡ್‌ಗಳನ್ನು ಭಾನುವಾರ ಒಬ್ಬೊಬ್ಬರ ಫೋನ್ ಹಿಡಿದು ಅಳಿಸಿಕೊಟ್ಟೆ. ಹೊರಗೆ ಅನ್ನುವ ಬಟನ್ ದೊಡ್ಡದು ಮಾಡಿ ಮೇಲೆ ತಂದೆ. ಒತ್ತಿದ ಮೇಲೆ ಒಂದು ಸಲ ಹಿಂದಕ್ಕೆ ಒತ್ತಿ ನೋಡಿ, ಏನೂ ಬರಬಾರದು ಅಂತ ಎಲ್ಲರಿಗೂ ಹೇಳಿದೆ.

ಕೆಂಪು ಪುಸ್ತಕ ಈಗಲೂ ಇದೆ. ಅತ್ತೆ ಅದರಲ್ಲೂ ಬರೆಯುತ್ತಾರೆ, ಆದರೆ ಅದು ಅವರ ಪಕ್ಕದಲ್ಲೇ ಇರುತ್ತದೆ. ಸಹಿಗೆ ಒಬ್ಬೊಬ್ಬರಿಗೂ ಬೇರೆ ಚೀಟಿ.

ಹೋದ ಭಾನುವಾರ ಹೂವಿನ ಅಕ್ಕ ಬಂದಿದ್ದರು. ಕಂತು ಕಟ್ಟಿ, ಕಂಬಕ್ಕೆ ಒರಗಿ ಕೂತು ಫೋನ್ ತೆಗೆದರು. ನಿಧಾನಕ್ಕೆ ಒಂದೊಂದೇ ಅಕ್ಷರ ಒತ್ತಿದರು. ಸ್ವಲ್ಪ ಹೊತ್ತು ನೋಡಿದರು. ಹೊರಗೆ ಒತ್ತಿದರು. ಆಮೇಲೆ ಹಿಂದಕ್ಕೆ ಒತ್ತಿದರು, ಲಾಗಿನ್ ಪುಟವೇ ಬಂತು. ಇನ್ನೊಂದು ಸಲ ಒತ್ತಿ ನೋಡಿದರು. ಆಟ ಆಡಬೇಕು ಅಂತ ಪಕ್ಕದಲ್ಲಿ ಕಾಯುತ್ತಿದ್ದ ಮಗನ ಕೈಗೆ ಫೋನ್ ಕೊಟ್ಟರು.